ಕಿರೀಟದೊಳಗಿನ ಪೊಟ್ಯಾಸಿಯಂ

ಕೊಡಗಿನ ಉಮ್ಮತ್ತಾಟವನ್ನು ಕಂಡವರಿಗೆ, ತುಂಬಿದ ಕೊಡವನ್ನು ಹಿಡಿದು ಕಾವೇರಿಯ ಪ್ರತೀಕವಾಗಿ ನಡುವೆ ನಿಲ್ಲುವ ಒಬ್ಬಾಕೆಯನ್ನೂ ಆಕೆಯ ಸುತ್ತ ತಾಳ ಬಡಿಯುತ್ತ ವರ್ತುಲವಾಗಿ ಸುತ್ತುವ ಸ್ತ್ರೀಯರನ್ನೂ ನಾನು ಬಣ್ಣಿಸಬೇಕಾದುದಿಲ್ಲ. ರಸಾಯನಶಾಸ್ತ್ರದ ಒಂದು ವಿಚಿತ್ರ ವಸ್ತುವನ್ನು ತಿಳಿಯಹೇಳಲು ಇದಕ್ಕಿಂತ ಹತ್ತಿರದ ಚಿತ್ರ ನನಗೆ ದೊರೆತಿಲ್ಲ. ಅಲ್ಲಿ ನಡುವೆ ನಿಲ್ಲುವುದು ಪೊಟ್ಯಾಸಿಯಂ ಅಯಾನು, ನಮ್ಮ ಕಾಫಿತೋಟಗಳಿಗೆ ಪೊಟ್ಯಾಷ್ ಗೊಬ್ಬರವಾಗಿ ಬೀಳುವ ಅದೇ ಧಾತು. ಸುತ್ತಣ ಬಳೆಯಾದರೋ 12 ಇಂಗಾಲ, 6 ಆಮ್ಲಜನಕ ಪರಮಾಣುಗಳು ಕೈಹಿಡಿದು ನಿಂತ ಕ್ರೌನ್ ಈಥರ್. ಮಿಲಿಮೀಟರಿನ ಕೋಟಿಯಲ್ಲೊಂದು ಪಾಲನ್ನು ಅಳತೆಗೋಲಾಗಿ ಹಿಡಿದರೆ ಪೊಟ್ಯಾಸಿಯಂ ಅಯಾನಿನ ವ್ಯಾಸ ಸುಮಾರು 2.8, ಬಳೆಯ ಒಳಗಂಡಿಯೂ ಹೆಚ್ಚು ಕಡಮೆ ಅಷ್ಟೆ.

ಡುಪಾಂಟ್ ಕಂಪೆನಿಯ ಚಾರ್ಲ್ಸ್ ಪೆಡರ್‌ಸನ್ನರು ಬೇರೇನನ್ನೋ ತಯಾರಿಸಹೊರಟಾಗ ಶೇಕಡಾ ಅರ್ಧದಷ್ಟೂ ಇಲ್ಲದೆ ದೊರೆತ ಬಿಳಿಯ ಹರಳುಗಳನ್ನು ಕಸವೆಂದು ಎಸೆಯದೆ ಪರೀಕ್ಷಿಸಿದುದರಿಂದ, ಈ ಬಳೆಗಳ ವಂಶವು 1967ರಲ್ಲಿ ಲೋಕಕ್ಕೆ ತಿಳಿಯಿತು. ಅವರಿಗೆ ನೊಬೆಲ್ ಬಂದದ್ದು 1987ರಲ್ಲಿ.

ಆದರೆ ಈ ಬಳೆಗಳ ಉಪಕಾರವನ್ನು ಅರಿಯಲು ಹಿಂದಕ್ಕೆ ಹೋಗಬೇಕು. ದ್ರವರೂಪದ ಅಮೋನಿಯದಲ್ಲಿ ಸೋಡಿಯಮ್ಮನ್ನೂ ಸೀಸವನ್ನೂ ಕೂಡಿಸಿದರೆ ಹಸಿರು ದ್ರಾವಣವಾಗುವುದೆಂದು ರಸಾಯನಜ್ಞ ಜೋಯನಿಸ್ 1891ರಲ್ಲೇ ಕಂಡಿದ್ದನು. ಜರ್ಮನಿಯ ಎಡುವರ್ಡ್ ಜಿಂಟ್ಲನು 1930ರ ದಶಕದ ಆದಿಯಲ್ಲಿ, ಆ ಹಸಿರಿನೊಳಗೆ 9 ಸೀಸದ ಪರಮಾಣುಗಳು ಕಾಫಿಗೊಂಚಲಿನಂತೆ ಒತ್ತಿಕೊಂಡು 4 ಋಣವಿದ್ಯುದಂಶಗಳನ್ನು ಹೊತ್ತಿವೆಯೆಂದು ನಿರ್ಣಯಿಸಿದನು. ಆಕಾರವನ್ನು ನೋಡೋಣವೆಂದರೆ ಹರಳು ಬೇಕು. ಹರಳಿಗಾಗಿ ಅಮೋನಿಯವನ್ನು ಆರಿಸಿದೊಡನೆ ಗೊಂಚಲು ಎರವಲು ತಂದ ಎಲೆಕ್ಟ್ರಾನುಗಳನ್ನು ಸೋಡಿಯಂ ಮರಳಿ ಕಸಿದುಕೊಂಡು, ಉಳಿಯುತ್ತಿದ್ದುದು ಬರಿಯ ಮಿಶ್ರಲೋಹ! ಸಾಲಿಗನೂ ಸಾಲಗಾರನೂ ಒಂದೇ ಮನೆಯಲ್ಲಿರುವ ಕಷ್ಟವಿದು.

ಪರಿಹಾರ ದೊರೆತದ್ದು 1970ರ ದಶಕದಲ್ಲಿ. ಅಮೆರಿಕೆಯ ಅಯೋವಾದ ಜಾನ್ ಕಾರ್ಬೆಟ್ಟರು, ಬಳೆಗೆ ಬದಲಾಗಿ ಜಾನ್-ಮಾರಿ ಲೆನ್ನರ ಪಂಜರದಂತಹ ಕ್ರಿಪ್ಟಾಂಡಿನಲ್ಲಿ ಸೋಡಿಯಮ್ಮನ್ನು ಮುಚ್ಚಿಟ್ಟು, ಸಾಲಿಗನ ಕೈಯನ್ನು ಕಟ್ಟಿದರು. ಹರಳಾಯಿತು, ಕ್ಷಕಿರಣ ಹಾಯಿಸಲಾಗಿ, ಸೀಸದ ಬಂಧುವಾದ ತವರದ 9 ಪರಮಾಣುಗಳು, ಒಂದರ ಮೇಲೊಂದು 45 ಅಂಶ ತಿರುಗಿಸಿಟ್ಟ ಎರಡು ಚೌಕಗಳಾಗಿಯೂ ತುದಿಯಲ್ಲಿ ಒಂದು ಮುಡಿಯಾಗಿಯೂ ಜೋಡಿಸಿಕೊಂಡಿರುವುದು ಕಂಡಿತು. ಮುಂದೆ ಕ್ರೌನ್ ಈಥರೂ ಪೊಟ್ಯಾಸಿಯಮ್ಮಿನೊಡನೆ ಈ ಕಾರ್ಯಕ್ಕೆ ಬಂದಿತು. ಬಳೆಗೆ ಮೇಲೂ ಕೆಳಗೂ ಬಯಲಿರುವುದರಿಂದ ಅಲ್ಲಿ ಪೊಟ್ಯಾಸಿಯಂ ಹಲವು ವೇಳೆ ಗೊಂಚಲಿನ ಮುಖವನ್ನು ಮುಟ್ಟಿಯೇ ಕುಳಿತಿರುವುದು. ಪಂಜರಕ್ಕಿಂತ ಈ ಅರೆಬಂಧನವೇ ನನಗೆ ಹೆಚ್ಚು ಕುತೂಹಲಕರವಾಗಿ ತೋರುತ್ತದೆ.

ಇಂತಹ ಹರಳುಗಳನ್ನು ಗಾಳಿಯೂ ತೇವವೂ ಸೋಂಕದಂತೆ ಆರ್ಗಾನ್ ಅಥವಾ ಸಾರಜನಕ ತುಂಬಿದ ಪೆಟ್ಟಿಗೆಯಲ್ಲಿಯೇ ಮುಟ್ಟಬೇಕು. ಮಳೆ ಸುರಿಯುವ ಕಕ್ಕಡ ತಿಂಗಳಿನಲ್ಲಿ ಮಡಿಕೇರಿಯ ಬಯಲಿನಲ್ಲಿ ಅವು ಉಳಿಯಲಾರವು.