ಅಚ್ಚು ತಪ್ಪಿದ ವರಹ

ರಾಯದುರ್ಗ, ಮಡಕಶಿರಾ ಸೀಮೆಯ ಹಳೆಯ ಮನೆಗಳಲ್ಲಿ ಅಜ್ಜಿಯರ ಕಾಲದ ಒಂದೆರಡು ಚಿನ್ನದ ನಾಣ್ಯಗಳು ಕಾಸಿನ ಸರದಲ್ಲೋ, ದೇವರ ಪೆಟ್ಟಿಗೆಯಲ್ಲೋ ಉಳಿದಿರುವುದುಂಟು. ಅವುಗಳಲ್ಲಿ ಚಿತ್ರವು ಅರ್ಧವೇ ಮೂಡಿದ, ಅಕ್ಷರಗಳು ಅಂಚಿನಾಚೆ ಜಾರಿದ ನಾಣ್ಯವೊಂದು ಕಂಡರೆ, 'ಅಚ್ಚು ಕೆಟ್ಟಿದೆ, ಕರಗಿಸಿಬಿಡಿ' ಎನ್ನುವವರು ಕೆಲವರು. 'ಟಂಕಸಾಲೆಯ ತಪ್ಪು, ಬಲು ಅಪರೂಪ, ಹತ್ತುಪಟ್ಟು ಬೆಲೆ ಬಾಳುತ್ತದೆ' ಎಂದು ಆಸೆ ಹಚ್ಚುವವರು ಮತ್ತೆ ಕೆಲವರು. ಈ ಎರಡು ಮಾತುಗಳಿಂದಲೂ ಮನೆಗೆ ನಷ್ಟವೇ ಆಗಬಹುದೆಂದು ವಾಚಕರಲ್ಲಿ ನಿವೇದಿಸಲು ಬಯಸುತ್ತೇವೆ.

ನಮ್ಮ ಸೀಮೆಯು ವಿಜಯನಗರದ ಅರಸರು ಆಳಿದ ನೆಲ. 1565ರ ಯುದ್ಧದ ತರುವಾಯ ಅವರ ರಾಜಧಾನಿಯಾದ ಪೆನುಗೊಂಡೆಯು ಮಡಕಶಿರಾಕ್ಕೆ ನೆರೆಯ ಊರು. ಅವರ ವರಹವು ಸುಮಾರು 3.4 ಗ್ರಾಂ ತೂಗುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವರಹ, ಅದರ ಅರ್ಧವಾದ ಪ್ರತಾಪ, ಇನ್ನೂ ಕಿರಿದಾದ ಹಣ ಎಂಬ ಚಿನ್ನದ ನಾಣ್ಯಗಳನ್ನು ಹೆಸರಿಸಿ, ಹೆಚ್ಚು ಉಪಯೋಗದ್ದು ಹಣವೇ ಎಂದಿದ್ದಾನೆ. ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರು (1638–1659) ನರಸಿಂಹನ ಚಿತ್ರವುಳ್ಳ ಕಂಠೀರಾಯಿ ಹಣವನ್ನು ಹೊರಡಿಸಿದರು. 1800ರಲ್ಲಿ ನಮ್ಮ ಸೀಮೆ ಕಂಪನಿಯವರ ಕೈಸೇರಿತು. 1818ರಲ್ಲಿ ಮದರಾಸು ಸರಕಾರವು ಬೆಳ್ಳಿಯ ರೂಪಾಯಿಯನ್ನೇ ಮೂಲಮಾನವಾಗಿ ಮಾಡಿದ ಮೇಲೆ ವರಹವು ಲೆಕ್ಕದ ಪುಸ್ತಕದಿಂದ ಮರೆಯಾಗತೊಡಗಿತು.

ಆ ನಾಣ್ಯಗಳು ಯಂತ್ರದಿಂದ ಬಂದವಲ್ಲ. ತೂಕ ಸರಿಮಾಡಿದ ಚಿನ್ನದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆಯು ಎಳ್ಳಷ್ಟು ಸರಿದರೂ ಚಿತ್ರವು ಒಂದು ಮಗ್ಗುಲಿಗೆ ಬೀಳುತ್ತಿತ್ತು. ಹಣದ ಬಿಲ್ಲೆಯಂತೂ ಬಲು ಚಿಕ್ಕದು. ಅಚ್ಚಿನ ಚಿತ್ರವೇ ಅದಕ್ಕಿಂತ ದೊಡ್ಡದಾಗಿರುತ್ತಿತ್ತು. ಆದುದರಿಂದ ಅರೆಚಿತ್ರವೆಂಬುದು ಅಲ್ಲಿ ತಪ್ಪಲ್ಲ, ಸಹಜಗುಣ. ಅಂದಿನ ಶರಾಫರು ನೋಡುತ್ತಿದ್ದುದು ತೂಕವನ್ನು ಮತ್ತು ಒರೆಗಲ್ಲಿನ ಮೇಲಿನ ಬಣ್ಣವನ್ನು.

ನಿಜವಾದ ತಪ್ಪುಗಳು ಬೇರೆಯೇ ಇವೆ. ಹೊಡೆದ ನಾಣ್ಯವು ಅಚ್ಚಿಗೆ ಕಚ್ಚಿಕೊಂಡಿರುವಾಗಲೇ ಮತ್ತೊಂದು ಬಿಲ್ಲೆಯನ್ನಿಟ್ಟು ಹೊಡೆದರೆ, ಆ ಬಿಲ್ಲೆಯ ಒಂದು ಮುಖದಲ್ಲಿ ಚಿತ್ರವು ಉಬ್ಬಾಗಿಯೂ, ಇನ್ನೊಂದರಲ್ಲಿ ಅದೇ ಚಿತ್ರವು ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಯೂ ಮೂಡುತ್ತದೆ. ಎರಡು ಪೆಟ್ಟು ಬಿದ್ದು ಚಿತ್ರವು ಇಮ್ಮಡಿಯಾದುದೂ ಉಂಟು. ಯಂತ್ರದ ನಾಣ್ಯದಲ್ಲಾದರೋ ಚಿತ್ರ ಸರಿಯುವುದೇ ಅಪರೂಪ. 1918ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಸವರನ್ನುಗಳನ್ನು ಉಕ್ಕಿನ ಬಳೆಯೊಳಗೆ ಹಿಡಿದು ಒತ್ತಲಾಗಿತ್ತು. ಅಂಥದರಲ್ಲಿ ಚಿತ್ರ ಜಾರಿದ್ದರೆ ಸಂಗ್ರಾಹಕನು ಕಣ್ಣರಳಿಸುವುದು ನ್ಯಾಯವೇ. ಆದರೆ ಅದರ ತೂಕವು 7.98 ಗ್ರಾಂ ಆಸುಪಾಸಿನಲ್ಲಿಯೇ ಇರಬೇಕು. ಅಚ್ಚಿನ ಪೆಟ್ಟು ತಪ್ಪಿದರೆ ಚಿನ್ನ ಕರಗದು. ಅರದಿಂದ ಉಜ್ಜಿದರೆ ತೂಕ ಇಳಿಯುತ್ತದೆ, ಬೆಸುಗೆ ಹಾಕಿದರೆ ಏರುತ್ತದೆ. ತಪ್ಪನ್ನು ಆಮೇಲೆ 'ತಯಾರಿಸಿದವರು' ಸಿಕ್ಕಿಬೀಳುವುದು ಹೆಚ್ಚಾಗಿ ತಕ್ಕಡಿಯಲ್ಲಿಯೇ.

ಆದುದರಿಂದ ನಾವು ಸೂಚಿಸುವುದಿಷ್ಟು: ನಾಣ್ಯವನ್ನು ಹುಣಿಸೆಹಣ್ಣಿನಿಂದ ತಿಕ್ಕಬೇಡಿ, ಹೊಸದಾಗಿ ಕೊಂಡಿ ಹಾಕಿಸಬೇಡಿ. ತೂಗಿಸಿ, ಅದು ಯಾರಿಂದ ಬಂದುದೆಂದು ಚೀಟಿಯಲ್ಲಿ ಬರೆದಿಡಿ. ಬಲ್ಲವರಿಗೆ ತೋರಿಸುವ ಮುನ್ನ ಮಾರಲೂ ಬೇಡಿ, ಕೊಳ್ಳಲೂ ಬೇಡಿ. ಉಳುವಾಗ ನೆಲದಲ್ಲಿ ನಿಧಿ ದೊರೆತರೆ, ಹತ್ತು ರೂಪಾಯಿ ಮೀರಿದ ಬೆಲೆಯದಾದಲ್ಲಿ, 1878ರ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಪರದೇಶದಲ್ಲಿರುವ ಮಕ್ಕಳಿಗೆಂದು ಒಯ್ಯುವುದನ್ನು 1972ರ ಕಾಯಿದೆಯು ತಡೆಯುತ್ತದೆ.

1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರವನ್ನು ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯನ್ನು ಸೇರಿತು. ಗಡಿಗಳು ಸರಿದರೂ, ಒಂದೇ ಅರಸರ ನಾಣ್ಯವು ಎರಡೂ ಕಡೆಯ ಮನೆಗಳಲ್ಲಿ ನಡೆದಿತ್ತೆಂಬುದಕ್ಕೆ ಆ ಅರೆಚಿತ್ರದ ಹಣವೇ ಸಾಕ್ಷಿ. ಮೂಸೆಗೆ ಬಿದ್ದರೆ ಚಿನ್ನವು ಉಳಿದೀತು, ಸಾಕ್ಷಿಯು ಉಳಿಯದು.