ಕೆಂಪು ಬಿಲ್ಲೆಯೊಳಗಿನ ಹುಸಿ ಅಂಕಿ

ಪುಟದ ಮೇಲಂಚಿನಲ್ಲಿ ಒಂದು ಕೆಂಪು ಬಿಲ್ಲೆ, ಅದರೊಳಗೆ 1. ಸಂದೇಶ ಬಂದಿದೆಯೆಂದು ಒತ್ತಿದರೆ ಒಳಗೆ ಹೊಸದೇನೂ ಇಲ್ಲ. ಹನ್ನೆರಡು-ಹದಿಮೂರು ವರ್ಷಗಳ ಹಿಂದೆ ಫೇಸ್‌ಬುಕ್ ಬಳಸುತ್ತಿದ್ದವರಿಗೆ ಈ ಹುಸಿ ಅಂಕಿಯ ಕಾಟ ನೆನಪಿರಬಹುದು. ಒಂದೇ ಸುದ್ದಿಯನ್ನು ಮೇಲಿನ ಬಿಲ್ಲೆ, ಮೂಲೆಯ ಚಾಟ್ ಕಿಟಕಿ, ಸಂದೇಶಗಳ ಪುಟ ಹೀಗೆ ಮೂರು ಕಡೆ ತೋರಿಸಬೇಕಿತ್ತು. ಒಂದು ಕಡೆ ಓದಿದ್ದು ಮತ್ತೊಂದು ಕಡೆಗೆ ತಿಳಿಯದೇ ಹೋಗುತ್ತಿತ್ತು. ಎಂಜಿನಿಯರುಗಳು ಸರಿಪಡಿಸಿದರೂ ಕೆಲ ದಿನಗಳಲ್ಲಿ ಅದೇ ದೋಷ ಮರಳಿ ಬರುತ್ತಿತ್ತು. ತನ್ನ 2014ರ ಎಫ್8 ಸಮ್ಮೇಳನದಲ್ಲಿ ಫೇಸ್‌ಬುಕ್ ‘ಫ್ಲಕ್ಸ್’ ಎಂಬ ವಿನ್ಯಾಸವನ್ನು ಮುಂದಿಟ್ಟಾಗ ಉದಾಹರಣೆಗೆ ಎತ್ತಿಕೊಂಡದ್ದು ಇದನ್ನೇ. ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯಲಿ, ಯಾರು ಬೇಕಾದರೂ ಎಲ್ಲಿ ಬೇಕಾದರೂ ತಿದ್ದುವುದು ನಿಲ್ಲಲಿ ಎಂಬುದು ಅದರ ಸಾರ.

ರಿಯಾಕ್ಟ್ ಎಂಬುದು ವೆಬ್ ಪುಟದ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಗ್ರಂಥಾಲಯ. ಮರುವರ್ಷ ಪ್ಯಾರಿಸ್‌ನಲ್ಲಿ ಅದಕ್ಕಾಗಿ ನಡೆದ ರಿಯಾಕ್ಟ್ ಯುರೋಪ್ ಸಮ್ಮೇಳನದಲ್ಲಿ ಪ್ರೋಗ್ರಾಮರ್ ಡ್ಯಾನ್ ಅಬ್ರಮೊವ್ ‘ರಿಡಕ್ಸ್’ ತೋರಿಸಿದರು. ಅದರಲ್ಲಿ ಇಡೀ ಆ್ಯಪ್‌ನ ಸ್ಥಿತಿ, ಅಂದರೆ ಆ ಕ್ಷಣದ ಮಾಹಿತಿಯೆಲ್ಲ, ಒಂದೇ ಉಗ್ರಾಣದಲ್ಲಿ. ಅಂಗಡಿಯ ಪುಟದಲ್ಲಿ ಬುಟ್ಟಿಗೆ ಒಂದು ಸಾಮಾನು ಸೇರಿಸುವ ಗುಂಡಿಯನ್ನೇ ನೋಡಿ. ಮೊದಲು ಆ ಕ್ರಿಯೆಗೊಂದು ಹೆಸರು, ಆ ಹೆಸರು ಹೊತ್ತ ‘ಆ್ಯಕ್ಷನ್’ ಎಂಬ ಚೀಟಿ, ಚೀಟಿಯನ್ನು ಓದಿ ಹಳೆಯ ಬುಟ್ಟಿಯನ್ನು ಮುಟ್ಟದೆ ಹೊಸ ಪ್ರತಿ ಮಾಡಿಕೊಡುವ ‘ರೆಡ್ಯೂಸರ್’, ಕೊನೆಗೆ ಉಗ್ರಾಣಕ್ಕೂ ಪರದೆಗೂ ನಂಟು ಹಾಕುವ ಕೋಡ್. ಒಂದು ಅಂಕಿ ಏರಲು ಮೂರು-ನಾಲ್ಕು ಕಡತ ತೆರೆಯಬೇಕಿತ್ತು. ಆದರೂ ರಿಡಕ್ಸ್ ಗ್ರಂಥಾಲಯದ ತೂಕ ಸುಮಾರು 2 ಕಿಲೋಬೈಟ್ ಮಾತ್ರ! ಮುಂದೆ ಬಂದ ಪುಟ್ಟ ಗ್ರಂಥಾಲಯಗಳ ಹಗುರತನವನ್ನು ಕಿಲೋಬೈಟಿನಲ್ಲಿ ಅಳೆಯುವವರ ಲೆಕ್ಕ ಇಲ್ಲೇ ತಪ್ಪುತ್ತದೆ. ಭಾರವೆಲ್ಲ ಇದ್ದದ್ದು ಎಲ್ಲವನ್ನೂ ಒಂದೇ ಉಗ್ರಾಣಕ್ಕೆ ತುಂಬುವ ರೂಢಿಯಲ್ಲಿ. ಅಬ್ರಮೊವ್ ಅವರೇ 2016ರಲ್ಲಿ, ನಿಮಗೆ ರಿಡಕ್ಸ್ ಬೇಕಿಲ್ಲದಿರಬಹುದು ಎಂದು ಲೇಖನ ಬರೆದರು. ತಾನು ಕಟ್ಟಿದ್ದರ ಮಿತಿಯನ್ನು ತಾನೇ ಸಾರುವ ಈ ಪ್ರಾಮಾಣಿಕತೆಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಆ ಭಾರವನ್ನು ಹಗುರಾಗಿಸಿದ್ದು ವಿಂಗಡಣೆ. ‘ಸ್ಥಿತಿ’ ಎಂದು ಒಟ್ಟಾಗಿ ಕರೆಯುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಸರ್ವರ್‌ನಿಂದ ತಂದ ಮಾಹಿತಿಯ ನಕಲು; ಅದು ಹಳಸುತ್ತದೆ, ಮತ್ತೆ ತರಬೇಕಾಗುತ್ತದೆ. ಆ ಹೊಣೆಯನ್ನು ರಿಯಾಕ್ಟ್ ಕ್ವೆರಿಯಂಥ ಗ್ರಂಥಾಲಯಗಳು ಹೊತ್ತವು. ಮೆನು ತೆರೆದಿದೆಯೋ ಮುಚ್ಚಿದೆಯೋ ಎಂಬಂಥ ಸಣ್ಣ ಸಂಗತಿ ಪರದೆಯ ಆಯಾ ತುಂಡಿನ, ಅಂದರೆ ಘಟಕದ, ಒಳಗೇ ಉಳಿಯಿತು. 2019ರಲ್ಲಿ ರಿಯಾಕ್ಟ್‌ಗೆ ಬಂದ ‘ಹುಕ್ಸ್’ ಎಂಬ ಫಂಕ್ಷನ್‌ಗಳು ಅದನ್ನು ಸಲೀಸಾಗಿಸಿದವು. ಇವೆರಡನ್ನೂ ತೆಗೆದಿಟ್ಟರೆ ಹಲವು ಘಟಕಗಳು ನಿಜವಾಗಿ ಹಂಚಿಕೊಳ್ಳಬೇಕಾದದ್ದು ಒಂದು ಹಿಡಿಯಷ್ಟು. ಆ ಹಿಡಿಯಷ್ಟಕ್ಕೆ ಹುಟ್ಟಿದ್ದು ಝುಸ್ಟಾಂಡ್, ಜೋತಾಯ್, ವಾಲ್ಟಿಯೊ ಎಂಬ ಪುಟ್ಟ ಗ್ರಂಥಾಲಯಗಳು. ಕ್ರಮವಾಗಿ ಜರ್ಮನ್, ಜಪಾನಿ, ಫಿನ್ನಿಶ್ ಭಾಷೆಗಳಲ್ಲಿ ಮೂರು ಹೆಸರಿಗೂ ಅರ್ಥ ‘ಸ್ಟೇಟ್’. ಫಿನ್ನಿಶ್ ಪದ ಮಾತ್ರ ಆಳುವ ಪ್ರಭುತ್ವವನ್ನು ಸೂಚಿಸುವಂಥದ್ದು. ಕನ್ನಡದಲ್ಲಿ ಸ್ಥಿತಿ ಮತ್ತು ರಾಜ್ಯ ಬೇರೆಬೇರೆ ಪದಗಳಾಗಿರುವುದರಿಂದ ನಮಗೆ ಈ ವ್ಯತ್ಯಾಸ ಥಟ್ಟನೆ ಕಾಣುತ್ತದೆ.

ಒಂದು ಮೌಲ್ಯವನ್ನು ಹಲವು ಘಟಕಗಳಿಗೆ ಹಂಚುವ ‘ಕಾಂಟೆಕ್ಸ್ಟ್’ ರಿಯಾಕ್ಟ್‌ನಲ್ಲೇ ಇರುವಾಗ ಇವೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ಕಾಂಟೆಕ್ಸ್ಟ್‌ನ ಮೌಲ್ಯ ಬದಲಾದರೆ ಅದನ್ನು ಓದುವ ಪ್ರತಿ ಘಟಕವೂ ಮತ್ತೆ ಚಿತ್ರಿತವಾಗುತ್ತದೆ, ತನಗೆ ಬೇಕಾದ ಭಾಗ ಬದಲಾಗದಿದ್ದರೂ. ಝುಸ್ಟಾಂಡ್ ಉಗ್ರಾಣವನ್ನು ಘಟಕಗಳ ಮರದಿಂದ ಹೊರಗಿಡುತ್ತದೆ. ಅದರ ತಿರುಳು ಬಿಡಿಸಿ ನೋಡಿದರೆ ಸರಳ: ಈಗಿನ ಮೌಲ್ಯ, ಅದನ್ನು ಬದಲಿಸುವ ಒಂದು ಫಂಕ್ಷನ್, ಬದಲಾದಾಗ ಯಾರಿಗೆಲ್ಲ ಹೇಳಬೇಕೆಂಬ ಪಟ್ಟಿ. ಪ್ರತಿ ಘಟಕವೂ ತನಗೆ ಬೇಕಾದ ತುಣುಕನ್ನಷ್ಟೇ ಆಯ್ದುಕೊಳ್ಳುತ್ತದೆ. ಬುಟ್ಟಿಯ ಎಣಿಕೆ ಏರಿದರೆ ಬಿಲ್ಲೆ ಮಾತ್ರ ಬದಲಾಗುತ್ತದೆ, ಪಕ್ಕದ ಹುಡುಕುಪಟ್ಟಿ ಅಲುಗುವುದಿಲ್ಲ. ಆದರೆ ಉಗ್ರಾಣ ಹೊರಗಿದ್ದರೆ ಅಪಾಯವೂ ಉಂಟು. ರಿಯಾಕ್ಟ್ ಚಿತ್ರಿಸುವ ಕೆಲಸವನ್ನು ನಡುವೆ ನಿಲ್ಲಿಸಿ ಮುಂದುವರಿಸಲು ಕಲಿತಾಗ, ಆ ನಡುವೆ ಮೌಲ್ಯ ಬದಲಾದರೆ ಒಂದೇ ಪರದೆಯ ಎರಡು ಕಡೆ ಎರಡು ಅಂಕಿ ಕಾಣಬಹುದಿತ್ತು. ಇದಕ್ಕೆ ‘ಟೇರಿಂಗ್’, ಅಂದರೆ ಸೀಳುವಿಕೆ ಎಂದು ಹೆಸರು. ಹಳೆಯ ಕೆಂಪು ಬಿಲ್ಲೆಯ ಸಮಸ್ಯೆಯೇ ಬೇರೆ ಬಾಗಿಲಿನಿಂದ ಬಂದಿತ್ತು. 2022ರ ಮಾರ್ಚ್‌ನಲ್ಲಿ ರಿಯಾಕ್ಟ್ 18 ಹೊರಗಿನ ಉಗ್ರಾಣಗಳಿಗೆಂದೇ ಪ್ರತ್ಯೇಕ ಹುಕ್ ಕೊಟ್ಟು ಅದನ್ನು ತಡೆಯಿತು.

ದೊಡ್ಡ ತಂಡಗಳಲ್ಲಿ ಚೀಟಿ, ರೆಡ್ಯೂಸರ್‌ಗಳಿಲ್ಲದ ಇಂಥ ಸಡಿಲಿಕೆ ಗೊಂದಲಕ್ಕೆ ದಾರಿಯಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ರಿಡಕ್ಸ್‌ನ ಚೀಟಿಗಳು ಯಾವ ಬದಲಾವಣೆ ಏಕೆ ಆಯಿತೆಂಬ ಲೆಕ್ಕ ಉಳಿಸುತ್ತವೆ. ನೂರು ಕೈಗಳು ಸೇರುವ ಕೆಲಸದಲ್ಲಿ ಆ ಲೆಕ್ಕ ಅಮೂಲ್ಯ. ಅಂಥಲ್ಲಿ ರಿಡಕ್ಸ್ ಇರಲಿ, ಹಿಡಿಯಷ್ಟು ಸ್ಥಿತಿಗೆ ಆ ಶಿಸ್ತಿನ ಬೆಲೆ ತೆರುವುದು ಬೇಡ ಎಂದಷ್ಟೇ ನನ್ನ ವಾದ. ಬೇಕಾದ ತುಣುಕು ಬದಲಾದಾಗ ಮಾತ್ರ ಪರದೆ ತಿದ್ದುವುದು 2010ರ ನಾಕ್‌ಔಟ್ ಗ್ರಂಥಾಲಯದಲ್ಲೇ ಇತ್ತಲ್ಲ ಎನ್ನುವವರ ಮಾತೂ ನಿಜ. ಯಾರು ಯಾವುದನ್ನು ಓದಿದರೆಂದು ತಾನೇ ಗುರುತಿಟ್ಟುಕೊಳ್ಳುವ ಆ ಉಪಾಯ ‘ಸಿಗ್ನಲ್ಸ್’ ಎಂಬ ಹೆಸರಲ್ಲಿ ಸಾಲಿಡ್, ಪ್ರಿಯಾಕ್ಟ್, ಆ್ಯಂಗ್ಯುಲರ್‌ಗೆ ಬಂದಿದೆ. ಅದನ್ನು ಜಾವಾಸ್ಕ್ರಿಪ್ಟ್ ಭಾಷೆಗೇ ಸೇರಿಸುವ ಪ್ರಸ್ತಾವವನ್ನು ಭಾಷೆಯ ಮಾನಕ ಸಮಿತಿ 2024ರಲ್ಲಿ ಮೊದಲ ಹಂತಕ್ಕೆ ತೆಗೆದುಕೊಂಡಿತು. ಅದು ಸೇರಿದರೆ ಬಿಲ್ಲೆಯ ಅಂಕಿಯನ್ನು ಸರಿಯಾಗಿಡುವ ಕೆಲಸದ ತಿರುಳು ಬ್ರೌಸರ್‌ನ ಪಾಲಾಗುತ್ತದೆ.