ಕೀವು ಕೆಟ್ಟ ರಕ್ತವಲ್ಲ

ಬರಿಗಾಲಲ್ಲಿ ಹಿತ್ತಲಿಗೆ ಹೋದಾಗ ಜಾಲಿಮುಳ್ಳು ಚುಚ್ಚಿತು ಎಂದಿಟ್ಟುಕೊಳ್ಳಿ. ಕಿತ್ತೆಸೆದು ಮರೆತುಬಿಡುತ್ತೀರಿ. ಸಂಜೆ ಹೊತ್ತಿಗೆ ಆ ಜಾಗ ಕೆಂಪಗಾಗಿ, ಬಿಸಿಯಾಗಿ, ಊದಿಕೊಂಡು ಮಿಡಿಯತೊಡಗುತ್ತದೆ. ಎರಡು ದಿನಕ್ಕೆ ನಡುವಲ್ಲೊಂದು ಹಳದಿ ಮೊನೆ. ‘ಕೆಟ್ಟ ರಕ್ತ ಸೇರಿಕೊಂಡಿದೆ, ಹಿಂಡಿ ತೆಗಿ’ ಎನ್ನುತ್ತಾರೆ ಮನೆಯ ಹಿರಿಯರು. ‘ಬದನೆಕಾಯಿ ಮುಟ್ಟಬೇಡ, ನಂಜಾಗುತ್ತೆ’ ಎಂಬುದು ಅದರ ಬೆನ್ನಿಗೇ ಬರುವ ಮಾತು.

ಕೀವಿನಲ್ಲಿ ಇರುವುದು ಕೆಟ್ಟ ರಕ್ತವಲ್ಲ. ಅದರಲ್ಲಿ ಬಹುಪಾಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಹೆಣಗಳು. ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಒಳಹೊಕ್ಕ ಕೂಡಲೇ ಚರ್ಮದಡಿ ಕಾವಲಿರುವ ಮ್ಯಾಕ್ರೋಫೇಜ್ ಕಣಗಳು ರಾಸಾಯನಿಕಗಳ ಮೂಲಕ ಕೂಗು ಹಾಕುತ್ತವೆ. ಸುತ್ತಲಿನ ರಕ್ತನಾಳಗಳು ಹಿಗ್ಗುತ್ತವೆ; ಕೆಂಪು, ಬಿಸಿ ಅದರಿಂದ. ನಾಳದ ಗೋಡೆ ಸಡಿಲಾಗಿ ನೀರಿನಂಶ ಹೊರಗೆ ಜಿನುಗುತ್ತದೆ, ಬಾವು ಅದರಿಂದ. ಆ ಸಂದಿನಲ್ಲೇ ನುಸುಳಿ ಬರುವ ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾಗಳನ್ನು ನುಂಗಿ, ಕೊಂದು, ತಾವೂ ಸಾಯುತ್ತವೆ. ಇವುಗಳ ಜಾಗ ತುಂಬಲು ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಕೀವು ಹಿಂಡುವ ಉತ್ಸಾಹ ಬೇಡ, ಸೋಂಕು ಇನ್ನಷ್ಟು ಒಳಕ್ಕೆ ಇಳಿಯಬಹುದು. ಬದನೆಕಾಯಿಗೆ ಈ ಪ್ರಕರಣದಲ್ಲಿ ಪಾತ್ರವೇ ಇಲ್ಲ.

ಈ ಕಣಗಳ ಬಗ್ಗೆ ತಪ್ಪು ತಿಳಿದಿದ್ದವರು ನಮ್ಮ ಅಜ್ಜಿಯರಷ್ಟೇ ಅಲ್ಲ. ರೋಗಾಣುಗಳನ್ನು ಮೈತುಂಬ ಹೊತ್ತು ಹರಡುವುದೇ ಬಿಳಿ ಕಣಗಳು ಎಂದು 19ನೇ ಶತಮಾನದ ಅನೇಕ ವಿಜ್ಞಾನಿಗಳು ನಂಬಿದ್ದರು. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿದ್ದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ರಾತ್ರಿ ಕಳೆಯಲು ಕಾದ. ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ಅವು ಸಾಗಣೆಯ ಗಾಡಿಗಳಲ್ಲ, ನುಂಗುಬಾಕರು ಎಂಬ ಅವನ ವಾದ ಗೆಲ್ಲಲು ವರ್ಷಗಳೇ ಹಿಡಿದವು. ನೊಬೆಲ್ ಬಂದದ್ದು 1908ರಲ್ಲಿ, ಪಾಲ್ ಎರ್ಲಿಕ್ ಜೊತೆಗೆ.

ಹುಟ್ಟಿನಿಂದಲೇ ಬರುವ ಈ ರಕ್ಷಣೆಗೆ ಸಹಜ ರೋಗನಿರೋಧಕತೆ ಎಂದು ಹೆಸರು. ಅದರ ಕೆಲಸವನ್ನೇ ನಾವು ರೋಗ ಎಂದು ಬಗೆಯುವುದು ನಮ್ಮ ದೊಡ್ಡ ಗೊಂದಲ. ಜ್ವರವನ್ನೇ ನೋಡಿ. ಮೈ ಬಿಸಿ ಮಾಡುವುದು ರೋಗಾಣು ಅಲ್ಲ. ಬಿಳಿ ಕಣಗಳ ಸಂದೇಶ ತಲುಪಿದ ಮೇಲೆ ಮೆದುಳಿನ ಹೈಪೋಥಲಾಮಸ್ ಮೈಯ ಬಿಸಿಯ ಗುರಿಯನ್ನೇ ಮೇಲಕ್ಕೇರಿಸುತ್ತದೆ. ಮೈ ಇನ್ನೂ ಆ ಗುರಿ ಮುಟ್ಟಿಲ್ಲವಾದ್ದರಿಂದ ಹಣೆ ಸುಡುತ್ತಿದ್ದರೂ ಗಡಗಡ ನಡುಗುತ್ತಾ ಇನ್ನೊಂದು ಕಂಬಳಿ ಕೇಳುತ್ತೇವೆ. ಹಾಗೆಂದು ಜ್ವರವನ್ನು ಗೌರವಿಸುತ್ತಾ ಕೂರಬೇಕಿಲ್ಲ. ನೋವು, ಸಂಕಟ ಇದ್ದರೆ ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಾಯದೆ ವೈದ್ಯರಲ್ಲಿಗೆ ಓಡಬೇಕು.

ಸಿಂಬಳ ಹಸಿರಾದರೆ ಆಂಟಿಬಯೋಟಿಕ್ ಬೇಕೇ ಬೇಕು ಎಂದು ಔಷಧಿ ಅಂಗಡಿಯ ಮುಂದೆ ನಿಲ್ಲುವವರಿದ್ದಾರೆ. ಆ ಹಸಿರು ನ್ಯೂಟ್ರೋಫಿಲ್‌ಗಳಲ್ಲಿರುವ, ಕಬ್ಬಿಣದ ಅಂಶವುಳ್ಳ ಒಂದು ಕಿಣ್ವದ ಬಣ್ಣ. ವೈರಸ್‌ನಿಂದ ಬಂದ ಮಾಮೂಲಿ ನೆಗಡಿಯಲ್ಲೂ ಅದು ಕಾಣುತ್ತದೆ, ವೈರಸ್‌ಗೆ ಆಂಟಿಬಯೋಟಿಕ್ ತಾಗುವುದಿಲ್ಲ. ಲಸಿಕೆ ಹಾಕಿಸಿದ ತೋಳು ನೋಯುವುದೂ ಇದೇ ಕಣಗಳ ಕೆಲಸ. ನೋಯದಿದ್ದರೆ ಲಸಿಕೆ ಹತ್ತಿಲ್ಲ ಎಂದೇನೂ ಅಲ್ಲ.

ಇನ್ನು ‘ಇಮ್ಯುನಿಟಿ ಬೂಸ್ಟರ್’. ಕೋವಿಡ್ ಕಾಲದಲ್ಲಿ ಕಷಾಯದ ಪುಡಿಯಿಂದ ಬಿಸ್ಕತ್ತಿನವರೆಗೆ ಎಲ್ಲದರ ಮೇಲೂ ಈ ಚೀಟಿ ಅಂಟಿತು. ರೋಗನಿರೋಧಕ ಶಕ್ತಿ ತುಂಬಿಸಿದಷ್ಟೂ ಒಳ್ಳೆಯದಾದ ನೀರಿನ ತೊಟ್ಟಿಯಲ್ಲ. ಅದು ಒಲೆಯ ಉರಿಯಂಥದ್ದು, ಬೇಕಾದಾಗ ಏಳಬೇಕು, ಕೆಲಸವಾದ ಮೇಲೆ ತಗ್ಗಬೇಕು. ಕೋವಿಡ್‌ನಲ್ಲಿ ತೀವ್ರವಾಗಿ ಹದಗೆಟ್ಟ ಅನೇಕರ ಶ್ವಾಸಕೋಶವನ್ನು ಹಾಳುಮಾಡಿದ್ದರಲ್ಲಿ ತಗ್ಗದ ಉರಿಯದೇ ದೊಡ್ಡ ಪಾಲು. 2020ರಲ್ಲಿ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿದ ಡೆಕ್ಸಾಮೆಥಸೋನ್, ಉರಿ ಆರಿಸುವ ಅಗ್ಗದ ಸ್ಟೀರಾಯ್ಡ್. ಕೋವಿಡ್ ಮಾತ್ರವಲ್ಲ, ಗೌಟ್ ಎಂಬ ಕೀಲುಬಾಧೆಯಲ್ಲಿ ಕಾಲಿನ ಹೆಬ್ಬೆರಳು ಸಿಡಿಯುವುದೂ ಯೂರಿಕ್ ಆಮ್ಲದ ಹರಳುಗಳನ್ನು ಕಂಡು ಇದೇ ಕಣಗಳು ರೊಚ್ಚಿಗೇಳುವುದರಿಂದ. ಹೃದಯದ ನಾಳದ ಗೋಡೆಯಲ್ಲಿ ಕೊಲೆಸ್ಟ್ರಾಲ್ ನುಂಗಿ ಉಬ್ಬುವ ಮ್ಯಾಕ್ರೋಫೇಜ್‌ಗಳು ಅಲ್ಲೇ ಸಿಕ್ಕಿಕೊಂಡು ಅಡಚಣೆ ಬೆಳೆಸುತ್ತವೆ. ಕಷಾಯ ರುಚಿಯಾಗಿದ್ದರೆ ಕುಡಿಯಿರಿ, ಚೀಟಿಯನ್ನು ನಂಬಬೇಡಿ.

ಈ ಶಕ್ತಿಯನ್ನು ನಿಜಕ್ಕೂ ಕುಂದಿಸುವ, ನಮ್ಮ ಮನೆಗಳಲ್ಲೇ ಇರುವ ಸಂಗತಿಯೊಂದಿದೆ: ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ನ್ಯೂಟ್ರೋಫಿಲ್‌ಗಳು ಗಾಯ ತಲುಪುವುದು ನಿಧಾನ, ಕೊಲ್ಲುವ ಬಲವೂ ಕಡಿಮೆ. ನರಗಳು ಜಡ್ಡುಗಟ್ಟಿದ್ದರೆ ಮುಳ್ಳು ಚುಚ್ಚಿದ್ದೇ ತಿಳಿಯದು. ಸಕ್ಕರೆ ಕಾಯಿಲೆ ಇದ್ದವರು ಹಿತ್ತಲಿಗೂ ಚಪ್ಪಲಿ ಮೆಟ್ಟಿಯೇ ಹೋಗಿ. ರಾತ್ರಿ ಮಲಗುವ ಮುನ್ನ ಎರಡೂ ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೊಂದು ಕನ್ನಡಿ ಇಟ್ಟುಕೊಳ್ಳಿ.